ಗಡ್ಡೆ ತೆಗೆದು ಮೂತ್ರಪಿಂಡ ಉಳಿಸಿಕೊಂಡ ಬಗೆ

ಗಡ್ಡೆ ಇದ್ದದ್ದು ನನ್ನ ಬಲ ಮೂತ್ರಪಿಂಡದಲ್ಲಿ. ಬಹುಪಾಲು ಕೆಲಸ ಮಾಡುತ್ತಿದ್ದದ್ದೂ ಅದೇ. ಎಡಗಡೆಯದು ಹುಟ್ಟಿನಿಂದಲೇ ಚಿಕ್ಕದು ಎಂಬ ಸಂಗತಿ, ಬೇರಾವುದೋ ಹೊಟ್ಟೆನೋವಿಗೆಂದು ಮಾಡಿಸಿದ ಸ್ಕ್ಯಾನಿಂಗಿನಲ್ಲಿ, ಬಲಗಡೆಯ ಗಡ್ಡೆಯ ಜೊತೆಗೇ ಬೆಳಕಿಗೆ ಬಂತು. ಆಮೇಲೆ ರೀನೋಗ್ರಾಂ ಮಾಡಿಸಿದರು. ರಕ್ತನಾಳಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ದ್ರವ್ಯವನ್ನು ಚುಚ್ಚಿ, ಎರಡು ಮೂತ್ರಪಿಂಡಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ವಿಶೇಷ ಕ್ಯಾಮೆರಾದಿಂದ ಅಳೆಯುವ ಪರೀಕ್ಷೆ ಅದು. ಬಲಕ್ಕೆ ಶೇ. 70, ಎಡಕ್ಕೆ ಶೇ. 30 ಎಂದು ಫಲಿತಾಂಶ ಬಂತು. ಮೂತ್ರಪಿಂಡಗಳು ಮೂತ್ರದಲ್ಲಿ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನೈನ್ ರಕ್ತದಲ್ಲಿ 1.4 ಇತ್ತು, ನನ್ನ 54ರ ವಯಸ್ಸಿಗೆ ಲೆಕ್ಕ ಹಾಕಿದರೆ ಇಜಿಎಫ್‌ಆರ್, ಅಂದರೆ ಮೂತ್ರಪಿಂಡಗಳು ರಕ್ತ ಸೋಸುವ ಅಂದಾಜು ದರ, 60ರ ಆಸುಪಾಸು.

ಈ ಅಂಕಿಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಎರಡೂ ಮೂತ್ರಪಿಂಡ ಗಟ್ಟಿಯಾಗಿರುವವರಿಗೆ ಗಡ್ಡೆಯ ಜೊತೆ ಒಂದು ಮೂತ್ರಪಿಂಡವನ್ನೇ ತೆಗೆದರೂ ಇನ್ನೊಂದು ಸಾಕಷ್ಟು ಮಟ್ಟಿಗೆ ತೂಗಿಸಿಕೊಂಡು ಹೋಗುತ್ತದೆ. ನನ್ನ ಬಲಗಡೆಯದನ್ನು ಪೂರ್ತಿ ತೆಗೆದಿದ್ದರೆ ಉಳಿಯುತ್ತಿದ್ದದ್ದು 60ರಲ್ಲಿ ಶೇ. 30, ಅಂದರೆ ಸುಮಾರು 18. ಎಡಗಡೆಯದು ಸ್ವಲ್ಪ ಹಿಗ್ಗಿ ಕೆಲಸ ಹೆಚ್ಚಿಸಿಕೊಂಡರೂ, 15ರ ಕೆಳಗಿಳಿದರೆ ಮೂತ್ರಪಿಂಡ ವೈಫಲ್ಯ ಎಂದು ಪರಿಗಣಿಸುವ ಗೆರೆಯ ಪಕ್ಕದಲ್ಲಿಯೇ ಉಳಿದ ಆಯುಷ್ಯವನ್ನು ಕಳೆಯಬೇಕಾಗುತ್ತಿತ್ತು. ಹೀಗಾಗಿ ಗಡ್ಡೆಯನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಹೊಲಿಯುವ ‘ಪಾರ್ಶಿಯಲ್ ನೆಫ್ರೆಕ್ಟಮಿ’ ನನ್ನ ಮಟ್ಟಿಗೆ ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು.

ನನ್ನ ಶಸ್ತ್ರವೈದ್ಯರ ಒಂದು ಗುಣ ನನಗೆ ಹಿಡಿಸಿತು. ಅವರು ತಮ್ಮ ವಾದಕ್ಕೆ ಒಗ್ಗದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಯೂರೋಪಿನಲ್ಲಿ ನಡೆದು 2011ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಸಣ್ಣ ಗಡ್ಡೆಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಡೀ ಮೂತ್ರಪಿಂಡವನ್ನೂ ಇನ್ನೊಂದಕ್ಕೆ ಗಡ್ಡೆಯ ಭಾಗವನ್ನಷ್ಟೇ ತೆಗೆದಿದ್ದರು. ಭಾಗವನ್ನಷ್ಟೇ ತೆಗೆಸಿಕೊಂಡವರು ಹೆಚ್ಚು ಕಾಲ ಬದುಕಿದರೆಂದು ಆ ಪ್ರಯೋಗ ತೋರಿಸಲಿಲ್ಲ ಎಂದರು. “ಆದರೆ ಆ ಪ್ರಯೋಗಕ್ಕೆ ಸೇರಿದವರ ಇನ್ನೊಂದು ಮೂತ್ರಪಿಂಡ ಚೆನ್ನಾಗಿತ್ತು. ನಿಮ್ಮದು ಬೇರೆ ಲೆಕ್ಕ,” ಎಂದು ರೀನೋಗ್ರಾಂ ಹಾಳೆಯ ಮೇಲೆ ಬೆರಳಿಟ್ಟರು. ಗಡ್ಡೆಯನ್ನು ಮುಟ್ಟದೆ ಕಾದು ನೋಡುವುದು, ಸೂಜಿ ಹಾಕಿ ಹೆಪ್ಪುಗಟ್ಟಿಸಿ ಅಥವಾ ಸುಟ್ಟು ನಾಶಪಡಿಸುವುದು ಎಂಬ ದಾರಿಗಳೂ ಇದ್ದವು. ಗಡ್ಡೆ 3.6 ಸೆಂಟಿಮೀಟರ್ ಇದ್ದದ್ದರಿಂದ, ಮೂತ್ರ ಸಂಗ್ರಹವಾಗುವ ಒಳಭಾಗಕ್ಕೆ ತೀರ ಹತ್ತಿರವಿದ್ದದ್ದರಿಂದ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾದದ್ದರಿಂದ ಅವನ್ನು ಬದಿಗಿಟ್ಟೆವು. ಸಣ್ಣ ಗಡ್ಡೆಗಳಲ್ಲಿ ಸರಿಸುಮಾರು ಐದಕ್ಕೊಂದು ಕ್ಯಾನ್ಸರ್ ಅಲ್ಲದ್ದೂ ಆಗಿರುತ್ತದೆ. ಹಾಗಾಗಿ ನನ್ನಂಥವರ ವಿಷಯದಲ್ಲಿ, ದುಡಿಯುವ ಮೂತ್ರಪಿಂಡಕ್ಕೆ ಕತ್ತಿ ಹಾಕುವ ಮೊದಲು ಬಯಾಪ್ಸಿ ಮಾಡಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಪಿಂಡಕ್ಕೆ ಹಾನಿಯಾಗುವುದು ಹೇಗೆ ಎಂಬುದು ಅರ್ಥವಾಗದೆ, ಅದನ್ನು ತಗ್ಗಿಸುವುದು ಹೇಗೆ ಎಂಬುದು ಅರ್ಥವಾಗುವುದಿಲ್ಲ. ಹೃದಯ ಒಂದು ನಿಮಿಷದಲ್ಲಿ ಹೊರಹಾಕುವ ರಕ್ತದ ಶೇ. 20ರಿಂದ 25ರಷ್ಟು ಎರಡು ಮೂತ್ರಪಿಂಡಗಳಿಗೇ ಹೋಗುತ್ತದೆ. ಇಷ್ಟು ರಕ್ತ ಹರಿಯುವ ಅಂಗವನ್ನು ಹಾಗೆಯೇ ಕತ್ತರಿಸಿದರೆ ರಕ್ತ ಚಿಮ್ಮಿ, ಗಡ್ಡೆಯ ಅಂಚು ಎಲ್ಲಿದೆಯೆಂದೇ ಕಾಣುವುದಿಲ್ಲ. ಆದ್ದರಿಂದ ಮೂತ್ರಪಿಂಡದ ಅಪಧಮನಿಗೆ ಕ್ಲ್ಯಾಂಪ್ ಹಾಕಿ ರಕ್ತವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ದೇಹದ ಬಿಸಿಯಲ್ಲಿಯೇ ರಕ್ತವಿಲ್ಲದೆ ಇರುವ ಈ ಅವಧಿಗೆ ‘ವಾರ್ಮ್ ಇಸ್ಕೀಮಿಯಾ’ ಎನ್ನುತ್ತಾರೆ. ಮೂತ್ರಪಿಂಡಕ್ಕೆ ರಕ್ತ ಹೇರಳವಾಗಿ ಬಂದರೂ ಅದರ ಒಳಪದರದ ಕೊಳವೆಗಳು ಮೊದಲೇ ಆಮ್ಲಜನಕದ ಕೊರತೆಯ ಅಂಚಿನಲ್ಲಿ ಬದುಕುವಂಥವು; ಲವಣವನ್ನು ಮರಳಿ ಹೀರಿಕೊಳ್ಳುವ ಶ್ರಮದ ಕೆಲಸ ಅವುಗಳದು. ಹರಿವು ನಿಂತ ಕೂಡಲೇ ಆ ಜೀವಕೋಶಗಳಲ್ಲಿ ಶಕ್ತಿಯ ದಾಸ್ತಾನು ಕರಗತೊಡಗುತ್ತದೆ. ಕ್ಲ್ಯಾಂಪ್ ತೆಗೆದು ರಕ್ತ ಮತ್ತೆ ನುಗ್ಗಿದಾಗ ಉರಿಯೂತದಿಂದ ಇನ್ನೊಂದು ಸುತ್ತಿನ ಪೆಟ್ಟು ಬೀಳುತ್ತದೆ.

ಹಾಗಾದರೆ ಎಷ್ಟು ನಿಮಿಷ ತಡೆದುಕೊಳ್ಳಬಲ್ಲದು? ನಾನು ಎಲ್ಲರನ್ನೂ ಮೊದಲು ಕೇಳಿದ ಪ್ರಶ್ನೆ ಇದೇ. ಬಹುಕಾಲ 30 ನಿಮಿಷವೆಂಬ ಗಡಿ ಚಾಲ್ತಿಯಲ್ಲಿತ್ತು. ಆಮೇಲೆ ಅದು 25ಕ್ಕೆ, 20ಕ್ಕೆ ಇಳಿಯಿತು. ಒಂದೇ ಮೂತ್ರಪಿಂಡ ಇದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಚ್ಚಾದ ಪ್ರತಿಯೊಂದು ನಿಮಿಷವೂ ಹಾನಿಯ ಸಂಭವವನ್ನು ಏರಿಸುತ್ತದೆ ಎಂದಿತು. ಎರಡೇ ವರ್ಷದಲ್ಲಿ ಬಹುತೇಕ ಅದೇ ಸಂಶೋಧಕರು ಲೆಕ್ಕಕ್ಕೆ ಇನ್ನೆರಡು ಸಂಗತಿಗಳನ್ನು ಸೇರಿಸಿದರು: ಶಸ್ತ್ರಚಿಕಿತ್ಸೆಗೆ ಮೊದಲು ಮೂತ್ರಪಿಂಡ ಎಷ್ಟು ಚೆನ್ನಾಗಿತ್ತು ಮತ್ತು ಕತ್ತರಿಸಿದ ಮೇಲೆ ಅದರಲ್ಲಿ ಎಷ್ಟು ಪಾಲು ಉಳಿಯಿತು. ಇವೆರಡನ್ನು ಸೇರಿಸಿದಾಗ ಒಂದೊಂದು ನಿಮಿಷದ ತೂಕ ಕುಗ್ಗಿತು. 25 ನಿಮಿಷ ದಾಟುವುದು ಮಾತ್ರ ಅಪಾಯವಾಗಿಯೇ ಉಳಿಯಿತು. ಈ ಮಾತನ್ನು ಕೇಳಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಗಡಿಯಾರದ ಕಡೆಗೆ ಎಲ್ಲರ ಕಣ್ಣೂ ಹೋಗುತ್ತದೆ, ಏಕೆಂದರೆ ನಿಮಿಷಗಳನ್ನು ಎಣಿಸುವುದು ಸುಲಭ. ಕತ್ತರಿಯ ಅಂಚಿನಲ್ಲಿ, ಹೊಲಿಗೆಯ ಬಿಗಿತದಲ್ಲಿ ಕಳೆದುಹೋಗುವ ಆರೋಗ್ಯವಂತ ಅಂಗಾಂಶವನ್ನು ಎಣಿಸುವವರು ಕಡಿಮೆ. ಪ್ರತಿ ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ಘಟಕಗಳಾದ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ.

ಶಸ್ತ್ರವೈದ್ಯರು ಸಿಟಿ ಸ್ಕ್ಯಾನಿನ ಚಿತ್ರಗಳನ್ನು ತೆರೆದು ನನ್ನ ಗಡ್ಡೆಗೆ ಅಂಕ ಹಾಕಿ ತೋರಿಸಿದರು. 2009ರಲ್ಲಿ ರೂಪುಗೊಂಡ ‘ರೀನಲ್ ಸ್ಕೋರ್’ ಎಂಬ ಪದ್ಧತಿ ಅದು. ಗಾತ್ರ 4 ಸೆಂಟಿಮೀಟರ್ ಒಳಗಿದ್ದದ್ದಕ್ಕೆ ಒಂದು ಅಂಕ. ಅರ್ಧಕ್ಕಿಂತ ಹೆಚ್ಚು ಭಾಗ ಒಳಗೇ ಹುದುಗಿದ್ದದ್ದಕ್ಕೆ ಎರಡು. ಮೂತ್ರ ಸಂಗ್ರಹದ ಜಾಗದಿಂದ ಬರೀ 5 ಮಿಲಿಮೀಟರ್ ದೂರದಲ್ಲಿದ್ದದ್ದಕ್ಕೆ ಎರಡು. ಕೆಳಧ್ರುವದಿಂದ ನಡುಭಾಗಕ್ಕೆ ಚಾಚಿಕೊಂಡದ್ದಕ್ಕೆ ಇನ್ನೆರಡು. ಒಟ್ಟು 7. 4ರಿಂದ 6ರವರೆಗೆ ಸುಲಭ, 7ರಿಂದ 9ರವರೆಗೆ ಮಧ್ಯಮ, 10ರಿಂದ 12ರವರೆಗೆ ಕಠಿಣ. ಗಡ್ಡೆ ಹಿಂಬದಿಯಲ್ಲಿದ್ದ ಕಾರಣ, ಹೊಟ್ಟೆಯ ಮುಂಭಾಗದಿಂದ ಹೋಗದೆ ಬೆನ್ನಿನ ಕಡೆಯ ಜಾಗದಿಂದ, ಕರುಳನ್ನು ಮುಟ್ಟದೆ ನೇರವಾಗಿ ಅಪಧಮನಿಯ ಬಳಿಗೆ ತಲುಪುವುದೆಂದು ತೀರ್ಮಾನಿಸಿದರು.

ನಡುವೆ ನನ್ನನ್ನು ಮೂತ್ರಪಿಂಡದ ಕಾಯಿಲೆಗಳ ತಜ್ಞರಾದ ನೆಫ್ರಾಲಜಿಸ್ಟ್ ಬಳಿಗೆ ಕಳುಹಿಸಿದರು. ಶಸ್ತ್ರವೈದ್ಯರು ಮೂತ್ರಪಿಂಡವನ್ನು ಕತ್ತರಿಸುವ ಮುನ್ನವೇ ಅದಕ್ಕೆ ಬೀಳಬಹುದಾದ ಸಣ್ಣಪುಟ್ಟ ಪೆಟ್ಟುಗಳನ್ನೆಲ್ಲ ತಪ್ಪಿಸುವುದು ಅವರ ಕೆಲಸ. ಸಿಟಿ ಸ್ಕ್ಯಾನಿನಲ್ಲಿ ಅಂಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ದ್ರವ, ಬಳಲಿದ ಮೂತ್ರಪಿಂಡಕ್ಕೆ ಕೆಲವೊಮ್ಮೆ ಹೊರೆಯಾಗುವುದರಿಂದ, ಸ್ಕ್ಯಾನಿಗೂ ಶಸ್ತ್ರಚಿಕಿತ್ಸೆಗೂ ನಡುವೆ ಅಂತರವಿರಿಸಿ ಕ್ರಿಯಾಟಿನೈನ್ ಮೊದಲಿನ ಮಟ್ಟದಲ್ಲಿಯೇ ಇದೆಯೆಂದು ಖಾತ್ರಿ ಮಾಡಿಕೊಂಡರು. ರಕ್ತದೊತ್ತಡಕ್ಕೆ ನಾನು ನುಂಗುತ್ತಿದ್ದ ಲೋಸಾರ್ಟಾನ್ ಮಾತ್ರೆಯನ್ನು ಹಿಂದಿನ ದಿನದಿಂದಲೇ ನಿಲ್ಲಿಸಲು ಹೇಳಿದರು. ಅರಿವಳಿಕೆಯಲ್ಲಿ ರಕ್ತದೊತ್ತಡ ಕುಸಿದಾಗ ಮೂತ್ರಪಿಂಡ ತನ್ನೊಳಗಿನ ಸೋಸುವ ಒತ್ತಡವನ್ನು ತಾನೇ ಕಾಯ್ದುಕೊಳ್ಳುವ ಉಪಾಯಕ್ಕೆ ಆ ಮಾತ್ರೆ ಅಡ್ಡಿಯಾಗುತ್ತದಂತೆ. ಮಂಡಿನೋವಿಗೆ ಆಗಾಗ ನುಂಗುತ್ತಿದ್ದ ಡೈಕ್ಲೋಫಿನ್ಯಾಕನ್ನು ಇನ್ನು ಜೀವಮಾನದಲ್ಲಿ ಮುಟ್ಟಬೇಡಿ ಎಂದರು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದೂ ನೋಡಿದರು, ಸ್ವಲ್ಪ ಸೋರುತ್ತಿತ್ತು. ಕ್ರಿಯಾಟಿನೈನ್ ಒಂದೇ ಇದ್ದರೂ ಪ್ರೋಟೀನ್ ಸೋರುವ ಮೂತ್ರಪಿಂಡ ಮುಂದೆ ಬೇಗ ಸೊರಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಅರಿವಳಿಕೆ ತಜ್ಞರ ಜೊತೆಗಿನ ಮಾತುಕತೆ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮುಗಿಯುವ ಶಾಸ್ತ್ರ. ನನಗೆ ಅದು ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಉಪಯುಕ್ತವಾಗಿ ಕಂಡಿತು. ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಒಳಗೆ ಜಾಗ ಮಾಡಿಕೊಳ್ಳಲು ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬುತ್ತಾರೆ. ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಇರುವ ಆ ಒತ್ತಡವೇ ಮೂತ್ರಪಿಂಡವನ್ನೂ ಅದರ ಅಭಿಧಮನಿಯನ್ನೂ ಒತ್ತಿ ರಕ್ತದ ಹರಿವನ್ನು ತಗ್ಗಿಸುತ್ತದೆ; ಕ್ಲ್ಯಾಂಪ್ ಹಾಕುವ ಮೊದಲೇ ಮೂತ್ರದ ಪ್ರಮಾಣ ಇಳಿಯುವುದು ಇದರಿಂದಲೇ. ಗಾಯ ಚಿಕ್ಕದಾದಷ್ಟೂ ದೇಹಕ್ಕೆ ಹಿತ ಎಂದು ನಾವು ನಂಬುತ್ತೇವೆ. ಮೂತ್ರಪಿಂಡದ ಪಾಲಿಗೆ ಈ ವಿಧಾನಕ್ಕೂ ತನ್ನದೇ ಆದ ಬೆಲೆಯಿದೆ ಎಂಬುದನ್ನು ನನಗೆ ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ. “ಒತ್ತಡವನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಇಡುತ್ತೇವೆ. ಕತ್ತರಿಸುವ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಏರಿಸುತ್ತೇವೆ, ಅಭಿಧಮನಿಯ ಕಡೆಯ ರಕ್ತಸ್ರಾವ ಅದರಿಂದ ಕಡಿಮೆಯಾಗುತ್ತದೆ,” ಎಂದರು. ಸರಾಸರಿ ಅಪಧಮನಿ ಒತ್ತಡ 65ರ ಕೆಳಗೆ ಹೋಗದಂತೆ ನೋಡಿಕೊಳ್ಳುವುದು ವಾಡಿಕೆಯಾದರೂ, ನನ್ನಂತೆ ರಕ್ತದೊತ್ತಡದ ಕಾಯಿಲೆಯಿರುವವರಿಗೆ ಇನ್ನೂ ಮೇಲೆಯೇ ಇಡುವುದು ಒಳ್ಳೆಯದು ಎಂದೂ, ಬರೀ ಉಪ್ಪಿನ ಸಲೈನ್ ಬದಲು ಲವಣಗಳ ಪ್ರಮಾಣ ರಕ್ತಕ್ಕೆ ಹತ್ತಿರವಿರುವ ದ್ರವವನ್ನು ಕೊಡುತ್ತೇವೆ ಎಂದೂ ವಿವರಿಸಿದರು.

ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ ಎಂಬ ಔಷಧವನ್ನು ಕೊಡುತ್ತೀರಾ ಎಂದು ನಾನು ಕೇಳಿದೆ. ಕ್ಲ್ಯಾಂಪ್ ಹಾಕುವ ಮೊದಲು 12.5 ಗ್ರಾಂ ಮ್ಯಾನಿಟಾಲ್ ಹರಿಸಿದರೆ ಮೂತ್ರಪಿಂಡಕ್ಕೆ ರಕ್ಷಣೆ ಸಿಗುತ್ತದೆ ಎಂದು ಎಲ್ಲೋ ಓದಿದ್ದೆ. ಅವರು ನಕ್ಕರು. ದಶಕಗಳ ಕಾಲ ಎಲ್ಲರೂ ಕೊಡುತ್ತಿದ್ದರು, ಏಕೆಂದರೆ ಹಿಂದಿನವರು ಕೊಡುತ್ತಿದ್ದರು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮ್ಯಾನಿಟಾಲ್ ಕೊಟ್ಟವರಿಗೂ ಕೊಡದವರಿಗೂ ಆರು ತಿಂಗಳ ನಂತರ ವ್ಯತ್ಯಾಸವೇ ಕಾಣಲಿಲ್ಲ, ಆದ್ದರಿಂದ ನಾವು ಬಿಟ್ಟಿದ್ದೇವೆ ಎಂದರು. ರಕ್ಷಣೆಯ ಹೆಸರಿನಲ್ಲಿ ಕೊಡುವ ಔಷಧಗಳಿಗಿಂತ ಒತ್ತಡ, ದ್ರವ ಮತ್ತು ಹೊತ್ತು ಈ ಮೂರರ ಮೇಲಿನ ನಿಗಾ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ಅವರ ನಿಲುವು; ನನಗೂ ಅದು ಒಪ್ಪಿಗೆಯಾಯಿತು.

ಕ್ಲ್ಯಾಂಪನ್ನೇ ಹಾಕದೆ ಮಾಡಬಾರದೇ ಎಂಬುದು ಸಹಜವಾದ ಮುಂದಿನ ಪ್ರಶ್ನೆ. ಹಾಗೆಯೂ ಮಾಡುತ್ತಾರೆ. ಗಡ್ಡೆಗೆ ಹೋಗುವ ಕವಲನ್ನಷ್ಟೇ ಮುಚ್ಚಿ ಉಳಿದ ಮೂತ್ರಪಿಂಡಕ್ಕೆ ರಕ್ತ ಹರಿಯುತ್ತಲೇ ಇರುವಂತೆ ನೋಡಿಕೊಳ್ಳುವ ‘ಜೀರೋ ಇಸ್ಕೀಮಿಯಾ’ ವಿಧಾನವನ್ನು ಅಮೆರಿಕದಲ್ಲಿ ಡಾ. ಇಂದರ್‌ಬೀರ್ ಗಿಲ್ ಅವರ ತಂಡ 2011ರಲ್ಲಿ ವರದಿ ಮಾಡಿತ್ತು. ಆದರೆ ಕ್ಲ್ಯಾಂಪ್ ಹಾಕುವುದನ್ನೂ ಹಾಕದಿರುವುದನ್ನೂ ಇಟಲಿಯಲ್ಲಿ ಹೋಲಿಸಿ ನೋಡಿದ ಪ್ರಯೋಗದಲ್ಲಿ, ಎರಡೂ ಮೂತ್ರಪಿಂಡ ಆರೋಗ್ಯವಾಗಿರುವವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಕ್ಲ್ಯಾಂಪ್ ಇಲ್ಲದೆ ಮಾಡುವುದೆಂದು ಆರಂಭಿಸಿದವರಲ್ಲಿ ಎಷ್ಟೋ ಮಂದಿಗೆ ನಡುವೆ ಹಾಕಬೇಕಾಗಿ ಬಂದಿತ್ತು. ನನ್ನಂಥವರಿಗೆ ಅಲ್ಪ ಲಾಭವೂ ದೊಡ್ಡದೇ ಆದ್ದರಿಂದ ಮೊದಲು ಕವಲಿಗೆ ಮಾತ್ರ ಕ್ಲ್ಯಾಂಪ್ ಹಾಕಲು ಪ್ರಯತ್ನಿಸುವುದು, ಒಗ್ಗದಿದ್ದರೆ ಹಟ ಹಿಡಿಯದೆ ಮುಖ್ಯ ಅಪಧಮನಿಗೆ ಹಾಕುವುದು ಎಂದು ನಿಶ್ಚಯವಾಯಿತು. 25 ನಿಮಿಷ ದಾಟುವ ಸೂಚನೆ ಕಂಡರೆ ಮೂತ್ರಪಿಂಡವನ್ನು ತಂಪು ಮಾಡಬೇಕು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಅದರ ಸುತ್ತ ಮಂಜಿನ ಹುಡಿಯನ್ನು ತುಂಬಿ 20 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಇಳಿಸುವುದು ಸುಲಭ; ಸಣ್ಣ ರಂಧ್ರಗಳ ಮೂಲಕ ಅದು ತ್ರಾಸದ ಕೆಲಸ. ಹಾಗಾಗಿ ಅಗತ್ಯಬಿದ್ದರೆ ಹೊಟ್ಟೆಯನ್ನು ತೆರೆಯಲು ಒಪ್ಪಿಗೆ ಪತ್ರದಲ್ಲಿ ನನ್ನಿಂದ ಪ್ರತ್ಯೇಕವಾಗಿ ಸಹಿ ಪಡೆದರು. ಸಣ್ಣ ಗಾಯಕ್ಕಾಗಿ ಮೂತ್ರಪಿಂಡವನ್ನು ಪಣಕ್ಕಿಡುವುದು ನನಗೂ ಬೇಕಿರಲಿಲ್ಲ.

ಶಸ್ತ್ರಚಿಕಿತ್ಸೆ ನಡೆದಾಗ ನಾನು ಎಚ್ಚರವಿರಲಿಲ್ಲ. ಆದರೂ ಅದನ್ನು ನೋಡಿದ್ದೇನೆ. ರೋಬೋಟಿಕ್ ಯಂತ್ರದ ಕ್ಯಾಮೆರಾ ಎಲ್ಲವನ್ನೂ ದಾಖಲಿಸಿಕೊಂಡಿತ್ತು, ಕೇಳಿದಾಗ ಶಸ್ತ್ರವೈದ್ಯರು ಸಂಕೋಚವಿಲ್ಲದೆ ಕೊಟ್ಟರು. ನನ್ನ ಹೆಂಡತಿ ಆರಂಭದ ಕೆಲವು ನಿಮಿಷ ನೋಡಿ ಎದ್ದು ಹೋದಳು. ನಾನು ಪೂರ್ತಿ ನೋಡಿದೆ, ಮರುಭೇಟಿಯಲ್ಲಿ ಮುಖ್ಯ ಭಾಗಗಳನ್ನು ಅವರ ಜೊತೆ ಕುಳಿತು ಮತ್ತೊಮ್ಮೆ ನೋಡಿದೆ. ರೋಬೋಟ್ ಎಂದರೂ ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ. ಕೋಣೆಯ ಇನ್ನೊಂದು ಕಡೆ ಕುಳಿತ ವೈದ್ಯರ ಕೈಚಲನೆಯನ್ನು ಮಣಿಕಟ್ಟಿನಂತೆ ತಿರುಗಬಲ್ಲ ಉಪಕರಣಗಳು ಒಳಗೆ ಅನುಸರಿಸುತ್ತವೆ. ಕ್ಲ್ಯಾಂಪ್ ಬಿದ್ದ ಮೇಲೆ ಬೇಗ ಹೊಲಿಯಲು ಈ ಮಣಿಕಟ್ಟೇ ಮುಖ್ಯ ಅನುಕೂಲ.

ಸುತ್ತಲಿನ ಕೊಬ್ಬನ್ನು ಸರಿಸಿ ಮೂತ್ರಪಿಂಡವನ್ನು ಬಿಡಿಸಿಕೊಂಡ ಮೇಲೆ, ಬಹಳ ಹೊತ್ತು ಅವರು ಅಲ್ಟ್ರಾಸೌಂಡ್‌ನ ಪುಟ್ಟ ಕಡ್ಡಿಯನ್ನು ಅದರ ಮೇಲೆ ಆಡಿಸುತ್ತಲೇ ಇದ್ದರು. ಗಡ್ಡೆಯ ಅಂಚು ಒಳಗೆ ಎಲ್ಲಿಯವರೆಗಿದೆ ಎಂಬುದನ್ನು ನೋಡಿ, ಮೇಲ್ಮೈಯಲ್ಲಿ ವಿದ್ಯುತ್ ಕಡ್ಡಿಯಿಂದ ಒಂದು ವರ್ತುಲವನ್ನು ಗೀಚಿದರು. ವೀಡಿಯೋದಲ್ಲಿ ಇದು ನೀರಸವಾದ ಭಾಗ, ಓಡಿಸಿಬಿಡೋಣ ಎನ್ನಿಸುತ್ತದೆ. ಆದರೆ ರಕ್ತ ಹರಿಯುತ್ತಿರುವಾಗ ಕಳೆದ ಈ ಹೊತ್ತಿಗೆ ಮೂತ್ರಪಿಂಡ ಏನನ್ನೂ ತೆರುವುದಿಲ್ಲ. ಕ್ಲ್ಯಾಂಪ್ ಹಾಕಿದ ಮೇಲೆ ಯೋಚಿಸುತ್ತ ನಿಂತರೆ ಮಾತ್ರ ತೆರಬೇಕಾಗುತ್ತದೆ. ಸೂಜಿ, ದಾರ, ಕ್ಲಿಪ್ಪುಗಳೆಲ್ಲ ಒಳಗೆ ಬಂದು ಅಳತೆಗೆ ಕತ್ತರಿಸಿಕೊಂಡು ಸಿದ್ಧವಾದ ನಂತರವೇ ಅವರು ಅಪಧಮನಿಯ ಕಡೆಗೆ ತಿರುಗಿದರು.

ಮುಖ್ಯ ಅಪಧಮನಿ ಕವಲೊಡೆದು ಹಿಂಭಾಗಕ್ಕೆ ಹೋಗುವ ಕೊಂಬೆಗೆ ಮೊದಲು ಪುಟ್ಟ ಕ್ಲ್ಯಾಂಪ್ ಹಾಕಿ, ಅರಿವಳಿಕೆ ತಜ್ಞರಿಗೆ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಕೊಡಲು ಹೇಳಿದರು. ಅತಿಗೆಂಪಿಗೆ ಸಮೀಪದ ಬೆಳಕಿನಲ್ಲಿ ನೋಡಿದರೆ ರಕ್ತ ಹರಿಯುವ ಜಾಗವೆಲ್ಲ ಹಸಿರಾಗಿ ಹೊಳೆಯುತ್ತದೆ, ಹರಿಯದ ಜಾಗ ಕಪ್ಪಾಗಿ ಉಳಿಯುತ್ತದೆ. ಈ ಬಣ್ಣವನ್ನು ಯಕೃತ್ತು ಹೊರಹಾಕುತ್ತದೆ, ಮೂತ್ರಪಿಂಡಕ್ಕೆ ಅದರ ಭಾರವಿಲ್ಲ. ಕಾಂಟ್ರಾಸ್ಟ್ ಬಗ್ಗೆ ಅಷ್ಟೆಲ್ಲ ಕೇಳಿ ಹೆದರಿದ್ದ ನನಗೆ ಇದು ಸಮಾಧಾನದ ವಿಷಯವಾಗಿತ್ತು. ಕೆಲವೇ ಸೆಕೆಂಡುಗಳಲ್ಲಿ ಪರದೆ ಹಸಿರಾಯಿತು. ಗಡ್ಡೆಯ ಮೇಲ್ಭಾಗ ಕಪ್ಪಾಗಿಯೇ ಇತ್ತು, ಆದರೆ ಅದರ ಕೆಳ ಅಂಚು ಹೊಳೆಯುತ್ತಿತ್ತು. ಇನ್ನಾವುದೋ ಕವಲಿನಿಂದಲೂ ಅದಕ್ಕೆ ರಕ್ತ ಬರುತ್ತಿತ್ತು ಎಂದು ಅರ್ಥ.

ಇಲ್ಲಿ ಅವರು ತೆಗೆದುಕೊಂಡ ತೀರ್ಮಾನದ ಬಗ್ಗೆ ನಾನು ಬಹಳ ಪ್ರಶ್ನೆ ಕೇಳಿದ್ದೇನೆ. “ಡಾಕ್ಟರೇ, ಆ ಎರಡನೆಯ ಕವಲನ್ನೂ ಹುಡುಕಿ ಮುಚ್ಚಿದ್ದರೆ ಇಡೀ ಮೂತ್ರಪಿಂಡದ ರಕ್ತ ನಿಲ್ಲಿಸುವುದು ತಪ್ಪುತ್ತಿತ್ತಲ್ಲವೇ?” ಅವರ ಉತ್ತರ ಹೀಗಿತ್ತು. ಮೂತ್ರಪಿಂಡದೊಳಗಿನ ಅಪಧಮನಿಯ ಕವಲುಗಳು ಒಂದರೊಡನೊಂದು ಕೂಡಿಕೊಳ್ಳುವುದಿಲ್ಲ. ಪ್ರತಿಯೊಂದೂ ತನ್ನ ಪಾಲಿನ ಭಾಗಕ್ಕೆ ಏಕೈಕ ಆಧಾರ. ಆ ಸಣ್ಣ ಕವಲನ್ನು ಆಳಕ್ಕೆ ಅಗೆದು ಬಿಡಿಸುವಾಗ ಅದಕ್ಕೋ ಅದರ ಪಕ್ಕದ್ದಕ್ಕೋ ಪೆಟ್ಟಾದರೆ ಅದು ಪೋಷಿಸುವ ಭಾಗ ಶಾಶ್ವತವಾಗಿ ಸತ್ತುಹೋಗುತ್ತದೆ. ಮುಖ್ಯ ಅಪಧಮನಿಯನ್ನು 15–20 ನಿಮಿಷ ಮುಚ್ಚಿದರೆ ಆಗುವ ಹಾನಿಯಿಂದ ಮೂತ್ರಪಿಂಡ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. “ಚೇತರಿಸಿಕೊಳ್ಳುವ ಹಾನಿಯನ್ನು ತಪ್ಪಿಸಲು ಹೋಗಿ ಚೇತರಿಸಿಕೊಳ್ಳದ ಹಾನಿಯನ್ನು ಮಾಡಬಾರದು,” ಎಂದರು. ಆದ್ದರಿಂದ ಕವಲಿನ ಕ್ಲ್ಯಾಂಪನ್ನು ತೆಗೆದು, ಕೆಲವು ನಿಮಿಷ ರಕ್ತ ಹರಿಯಲು ಬಿಟ್ಟು, ಮುಖ್ಯ ಅಪಧಮನಿಗೇ ಹಾಕಿದರು. ಅಭಿಧಮನಿಯನ್ನು ಮುಚ್ಚಲಿಲ್ಲ.

ಗುಲಾಬಿಗೆಂಪು ಬಣ್ಣದ ಮೂತ್ರಪಿಂಡ ಕಣ್ಣೆದುರಿಗೇ ಬಿಳಿಚಿಕೊಂಡಿತು. ಪರದೆಯ ಮೂಲೆಯಲ್ಲಿ ಗಡಿಯಾರ ಓಡತೊಡಗಿತು. ಗೀಚಿದ ಗೆರೆಯ ಮೇಲೆ ಕತ್ತರಿ ಇಳಿಯಿತು; ಮೇಲ್ಪದರವನ್ನು ದಾಟಿದ ನಂತರ ಅವರು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಗಡ್ಡೆಯ ಸುತ್ತಲಿನ ತೆಳುಪೊರೆಯ ಗುಂಟ ಮೆಲ್ಲಗೆ ಬಿಡಿಸುತ್ತ ಹೋದರು. ಹಿಂದೆಲ್ಲ ಗಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ತೆಗೆಯುತ್ತಿದ್ದರಂತೆ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿಯದಿದ್ದರೆ ಸಾಕು, ಅಂಚಿನ ದಪ್ಪ ಮುಖ್ಯವಲ್ಲ ಎಂಬುದು ಈಗಿನ ತಿಳಿವಳಿಕೆ. 3.6 ಸೆಂಟಿಮೀಟರ್ ಗಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಸೇರಿಸಿದರೆ ತೆಗೆದ ಉಂಡೆಯ ಗಾತ್ರ ಸುಮಾರು ಮೂರೂಮುಕ್ಕಾಲು ಪಟ್ಟಾಗುತ್ತದೆ. ನಾನೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ ಬೆಚ್ಚಿದೆ.

ಗಡ್ಡೆ ಹೊರಬಂದ ಮೇಲೆ ಉಳಿದ ಹಳ್ಳದ ತಳದಲ್ಲಿ ತೆರೆದುಕೊಂಡಿದ್ದ ರಕ್ತನಾಳಗಳನ್ನೂ ಮೂತ್ರ ಸಂಗ್ರಹದ ಪೊರೆಯಲ್ಲಿ ಆಗಿದ್ದ ಸಣ್ಣ ರಂಧ್ರವನ್ನೂ ಮುಳ್ಳುಗಳಿರುವ, ಗಂಟು ಹಾಕಬೇಕಿಲ್ಲದ ದಾರದಿಂದ ಹೊಲಿದರು. ಅಷ್ಟಾದ ಕೂಡಲೇ, ಹೊರಪದರದ ಹೊಲಿಗೆ ಇನ್ನೂ ಬಾಕಿ ಇರುವಾಗಲೇ, ಕ್ಲ್ಯಾಂಪ್ ತೆಗೆದರು. ಗಡಿಯಾರ 16 ನಿಮಿಷದಲ್ಲಿ ನಿಂತಿತು. ಹೊರಪದರವನ್ನೂ ಹೊಲಿದು ಮುಗಿಸಿಯೇ ತೆಗೆಯುವ ಹಳೆಯ ಕ್ರಮಕ್ಕೆ ಹೋಲಿಸಿದರೆ ಇದರಲ್ಲಿ ಹಲವು ನಿಮಿಷ ಉಳಿಯುತ್ತವೆ. ಜೊತೆಗೆ, ರಕ್ತ ಹರಿಯುತ್ತಿರುವಾಗ ಎಲ್ಲಿ ಒಸರುತ್ತಿದೆ ಎಂಬುದು ಕಣ್ಣಿಗೇ ಕಾಣುವುದರಿಂದ ಬೇಕಾದಲ್ಲಿ ಮಾತ್ರ ಹೊಲಿಯಬಹುದು. ಒಂದು ಕಡೆ ಚಿಮ್ಮಿತು. ಅಲ್ಲಿಗೊಂದು ಹೊಲಿಗೆ ಬಿತ್ತು.

ಹೊರಪದರದ ವಿಷಯದಲ್ಲಿ ಅವರು ತೋರಿದ ಸಂಯಮವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ತುಂಬಿದ ಚೀಲದ ಬಾಯಿಯನ್ನು ಎಳೆದು ಕಟ್ಟಿದಂತೆ ಹಳ್ಳದ ಎರಡು ದಂಡೆಗಳನ್ನೂ ಸೇರಿಸಿ ಬಿಗಿದರೆ ನೋಡಲು ಅಂದವಾಗಿರುತ್ತದೆ, ರಕ್ತ ಸೋರುವ ಭಯವೂ ಕಡಿಮೆ. ಆದರೆ ಆ ಹಿಡಿತದೊಳಗೆ ಸಿಕ್ಕ ಆರೋಗ್ಯವಂತ ಅಂಗಾಂಶ ರಕ್ತವಿಲ್ಲದೆ ಕೆಲವೇ ವಾರಗಳಲ್ಲಿ ಸುಕ್ಕಿಹೋಗುತ್ತದೆ. ಅವರು ದಂಡೆಗಳನ್ನು ಪೂರ್ತಿ ಕೂಡಿಸಲೇ ಇಲ್ಲ. ಜಾರುವ ಕ್ಲಿಪ್ಪುಗಳನ್ನಿಟ್ಟು ಅಲ್ಲಲ್ಲಿ ಸಡಿಲವಾಗಿ ಹಿಡಿದು, ಹಳ್ಳವನ್ನು ಬಹುಪಾಲು ತೆರೆದೇ ಬಿಟ್ಟರು. ಒಳಗಿನ ಅನಿಲದ ಒತ್ತಡವನ್ನು ಇಳಿಸಿ, ಒತ್ತಡದ ಮರೆಯಲ್ಲಿ ಅಡಗಿದ ರಕ್ತಸ್ರಾವ ಏನಾದರೂ ಇದೆಯೇ ಎಂದು ಕಾದು ನೋಡಿದರು. ಕೊನೆಗೆ ಮತ್ತೊಮ್ಮೆ ಹಸಿರು ಬಣ್ಣ ಕೊಟ್ಟಾಗ, ಹಳ್ಳದ ಅಂಚಿನ ಒಂದು ತೆಳ್ಳನೆಯ ಪಟ್ಟಿಯನ್ನು ಬಿಟ್ಟರೆ ಇಡೀ ಮೂತ್ರಪಿಂಡ ಹೊಳೆಯಿತು.

ಎಚ್ಚರವಾದ ಮೇಲಿನ ದಿನಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ನೋವು ಮತ್ತು ಕಾಯುವಿಕೆಯ ಹೊರತು ಹೆಚ್ಚೇನೂ ಇರಲಿಲ್ಲ. ಗಂಟೆಗೊಮ್ಮೆ ಮೂತ್ರದ ಚೀಲವನ್ನು ನೋಡಿ ಬರೆದುಕೊಳ್ಳುತ್ತಿದ್ದರು. ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್, ನನ್ನ 70 ಕಿಲೋಗೆ 35 ಮಿಲಿಲೀಟರ್, ಅದಕ್ಕಿಂತ ಕಡಿಮೆಯಾಗಬಾರದು. ನೋವಿಗೆ ನರಗಳ ಬಳಿ ಮದ್ದು ಮತ್ತು ಪ್ಯಾರಾಸಿಟಮಾಲ್ ಮಾತ್ರ. ರಾತ್ರಿ ಪಾಳಿಯ ವೈದ್ಯರೊಬ್ಬರು ನೋವು ತಡೆಯಲಾಗದಿದ್ದರೆ ಬೇರೆ ಇಂಜೆಕ್ಷನ್ ಕೊಡಲೇ ಎಂದಾಗ, ಡೈಕ್ಲೋಫಿನ್ಯಾಕ್ ಗುಂಪಿನದಾದರೆ ಬೇಡ ಎಂದು ನಾನೇ ಹೇಳಿದೆ. ಅವರು ಕಡತವನ್ನು ನೋಡಿ ಅದರಲ್ಲೂ ಹಾಗೆಯೇ ಕೆಂಪಕ್ಷರದಲ್ಲಿ ಬರೆದದ್ದನ್ನು ತೋರಿಸಿದರು. ಒಳಗೆ ಸೇರುವ ದ್ರವವನ್ನು ಹೊರಬಿಡಲು ಇಟ್ಟಿದ್ದ ಡ್ರೈನ್ ಕೊಳವೆಯ ದ್ರವದಲ್ಲಿ ಕ್ರಿಯಾಟಿನೈನ್ ರಕ್ತದಲ್ಲಿರುವಷ್ಟೇ ಇದ್ದದ್ದರಿಂದ ಮೂತ್ರ ಸೋರುತ್ತಿಲ್ಲ ಎಂದು ಖಚಿತವಾಗಿ, ಕೊಳವೆಯನ್ನು ತೆಗೆದರು.

ರಕ್ತದ ಕ್ರಿಯಾಟಿನೈನ್ ಎರಡನೆಯ ದಿನ 1.9ಕ್ಕೆ ಏರಿತು. 48 ಗಂಟೆಗಳೊಳಗೆ 0.3 ಏರಿದರೂ ಅದನ್ನು ಮೂತ್ರಪಿಂಡಕ್ಕೆ ಆದ ತೀವ್ರ ಪೆಟ್ಟು ಎಂದೇ ದಾಖಲಿಸುತ್ತಾರೆ; ನನ್ನದೂ ಮೊದಲ ಹಂತದ ಪೆಟ್ಟು ಎಂದು ಬರೆದರು. ನಾನು ಕಂಗಾಲಾದೆ. ನೆಫ್ರಾಲಜಿಸ್ಟ್ ಹೇಳಿದ್ದು ಬೇರೆ: ಎರಡು ಗಟ್ಟಿ ಮೂತ್ರಪಿಂಡಗಳಿರುವವರಲ್ಲಿ ಕತ್ತರಿಸಿದ ಕಡೆಯದು ಎಷ್ಟೇ ಬಳಲಿದ್ದರೂ ಇನ್ನೊಂದು ಅದನ್ನು ಮರೆಮಾಚಿ ಕ್ರಿಯಾಟಿನೈನ್ ಸರಿಯಾಗಿಯೇ ಇರುವಂತೆ ತೋರಿಸುತ್ತದೆ, ನಿಮ್ಮ ಅಂಕಿ ಹೆದರಿಸಿದರೂ ಸುಳ್ಳು ಹೇಳುತ್ತಿಲ್ಲ ಎಂದರು. ಮನೆಗೆ ಹೊರಡುವ ಹೊತ್ತಿಗೆ ಅದು 1.7ಕ್ಕೆ ಇಳಿದಿತ್ತು. ಒಂದರಿಂದ ಮೂರು ವಾರಗಳೊಳಗೆ ಮೂತ್ರದಲ್ಲಿ ಕೆಂಪು ರಕ್ತ ಕಾಣಿಸಿಕೊಂಡರೆ, ಎಷ್ಟೇ ಸ್ವಲ್ಪವಾದರೂ, ತಕ್ಷಣ ಬರಬೇಕು. ಹೊಲಿದ ಜಾಗದ ಅಪಧಮನಿಯ ಗೋಡೆ ಗುಳ್ಳೆಯಂತೆ ಉಬ್ಬಿ ಒಡೆಯುವ ಅಪಾಯ ಆ ಅವಧಿಯಲ್ಲಿರುತ್ತದೆ, ಆಗ ರಕ್ತನಾಳದ ಮೂಲಕ ತಂತಿ ಹಾಯಿಸಿ ಆ ಕವಲನ್ನಷ್ಟೇ ಮುಚ್ಚುತ್ತಾರೆ ಎಂದು ಎಚ್ಚರಿಸಿ ಕಳುಹಿಸಿದರು. ನನಗೆ ಹಾಗಾಗಲಿಲ್ಲ. ಗಡ್ಡೆಯ ಪರೀಕ್ಷೆಯಲ್ಲಿ ಕ್ಲಿಯರ್ ಸೆಲ್ ಕಾರ್ಸಿನೋಮಾ (ಮೂತ್ರಪಿಂಡದ ಕ್ಯಾನ್ಸರಿನ ಸಾಮಾನ್ಯ ಬಗೆ), ಎರಡನೆಯ ದರ್ಜೆ, ಅಂಚು ಶುದ್ಧ ಎಂದು ಬಂತು.

ಮೂರು ತಿಂಗಳಾದ ಮೇಲೆ ಕ್ರಿಯಾಟಿನೈನ್ 1.55ರಲ್ಲಿ ನೆಲೆನಿಂತಿತು, ಇಜಿಎಫ್‌ಆರ್ 53. ರೀನೋಗ್ರಾಂನಲ್ಲಿ ಬಲಗಡೆಯ ಪಾಲು ಶೇ. 70ರಿಂದ 65ಕ್ಕೆ ಇಳಿದಿತ್ತು. ಅಂದರೆ ಬಲ ಮೂತ್ರಪಿಂಡ ಒಂದರದ್ದೇ ಕೆಲಸ 42ರಿಂದ 34ರ ಆಸುಪಾಸಿಗೆ ಬಂದಿತ್ತು. ಐದರಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು ಉಳಿದಿತ್ತು. ಕಳೆದುಹೋದ ಪಾಲಿನಲ್ಲಿ ಕತ್ತರಿಗೆಷ್ಟು, ಕ್ಲ್ಯಾಂಪಿಗೆಷ್ಟು ಎಂದು ಕೇಳಿದೆ. ಶಸ್ತ್ರವೈದ್ಯರು ಹಳೆಯ ಮತ್ತು ಹೊಸ ಸ್ಕ್ಯಾನುಗಳಲ್ಲಿ ಗಡ್ಡೆಯನ್ನು ಬಿಟ್ಟು ಉಳಿದ ಮೂತ್ರಪಿಂಡದ ಗಾತ್ರವನ್ನು ಅಳೆಯಿಸಿದರು: ಮೊದಲು 190 ಮಿಲಿಲೀಟರ್, ಈಗ 163. ಗಾತ್ರದಲ್ಲಿಯೇ ಶೇ. 14ರಷ್ಟು ಹೋಗಿತ್ತು, ಕೆಲಸದಲ್ಲಿ ಶೇ. 18ರಷ್ಟು. ಎರಡರ ನಡುವಿನ ಶೇ. 4ರಷ್ಟನ್ನು ಕ್ಲ್ಯಾಂಪಿನ ಖಾತೆಗೆ ಹಾಕಬಹುದೇನೋ, ಆದರೆ ಈ ಪರೀಕ್ಷೆಗಳ ಅಳತೆಯಲ್ಲಿಯೇ ಅಷ್ಟು ಹೆಚ್ಚುಕಮ್ಮಿ ಇರುತ್ತದೆ, ಅದನ್ನು ಬಹಳ ನಂಬಬೇಡಿ ಎಂದರು.

ಈಗ ನಾನು ಮತ್ತೆ ನೆಫ್ರಾಲಜಿಸ್ಟ್ ಅವರ ಸುಪರ್ದಿನಲ್ಲಿದ್ದೇನೆ. ಲೋಸಾರ್ಟಾನನ್ನು ಅರ್ಧ ಪ್ರಮಾಣದಲ್ಲಿ ಪುನಃ ಆರಂಭಿಸಿದ್ದಾರೆ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬೇಡವಾಗಿದ್ದ ಅದೇ ಮಾತ್ರೆ, ಪ್ರೋಟೀನ್ ಸೋರಿಕೆಯನ್ನು ತಗ್ಗಿಸಿ ಉಳಿದ ನೆಫ್ರಾನ್‌ಗಳ ಮೇಲಿನ ಒತ್ತಡವನ್ನು ಇಳಿಸಲು ಈಗ ಬೇಕಾಗಿದೆ. ಎರಡು ವಾರದ ನಂತರದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರದಿದ್ದರೆ ಪೂರ್ತಿ ಪ್ರಮಾಣಕ್ಕೆ ಹೋಗುವುದೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.